ಕಚೇರಿಯ ಯಂತ್ರವೂ ಕಚೇರಿಯ ಮನುಷ್ಯನೂ

2024ರ ಬೇಸಗೆಯ ರಜೆಯಲ್ಲಿ ನಾನು ಊರಿಗೆ ಹೋಗಿದ್ದಾಗ ನಮ್ಮ ಬೀದಿಯ ಮುದುಕಿಯೊಬ್ಬಳು ಬಂದು ಜಗಲಿಯ ಮೇಲೆ ಕುಳಿತಳು. ವಯಸ್ಸು ಎಪ್ಪತ್ತೈದರ ಮೇಲೆ. ಗಂಡ 1996ರಲ್ಲಿ ತೀರಿಕೊಂಡ ಮೇಲೆ ಒಂದು ಎಕರೆ ಹನ್ನೆರಡು ಗುಂಟೆ ಖುಷ್ಕಿ ಜಮೀನು ಆಕೆಯ ಹೆಸರಿಗೆ ಖಾತೆಯಾಗಿದೆ. 2023ರ ಬರ ನಾಡಿನ ಬಹುಪಾಲು ತಾಲ್ಲೂಕುಗಳನ್ನು ಸುಟ್ಟಿತ್ತಷ್ಟೆ. ಅದರ ಪರಿಹಾರದ ಹಣ ಅಕ್ಕಪಕ್ಕದ ಹೊಲದವರ ಬ್ಯಾಂಕಿಗೆಲ್ಲ ಬಂದಿತ್ತು, ಆಕೆಗೆ ಬಂದಿರಲಿಲ್ಲ. ವಿಚಾರಿಸಿದರೆ ಪಹಣಿಯ ಹೆಸರಿಗೂ ಆಧಾರ್ ಚೀಟಿಯ ಹೆಸರಿಗೂ ಹೊಂದಾಣಿಕೆಯಿಲ್ಲವೆಂಬ ಉತ್ತರ. ಎರಡನ್ನೂ ತರಿಸಿ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಆಕೆಯ ಹೆಸರಿನ ಮೊದಲ ಅಕ್ಷರ 'ಕೆ'. ಪಹಣಿಯಲ್ಲಿ ಅದು 'ಕ' ಆಗಿತ್ತು. ಕನ್ನಡ ಮೇಷ್ಟರ ಬಳಿಗೆ ಬರಬೇಕಾದ ವ್ಯಾಜ್ಯವೇ ಸರಿ: ಒಂದು ಎತ್ವ ಬಿದ್ದುಹೋಗಿತ್ತು.

ಕಚೇರಿಗೆ ಆಕೆ ಆಗಲೇ ನಾಲ್ಕು ಬಾರಿ ಹೋಗಿ ಬಂದಿದ್ದಳು. ಕಿಟಕಿಯ ಒಳಗೆ ಕುಳಿತ ಹುಡುಗ ಪ್ರತಿ ಬಾರಿಯೂ ಸೌಜನ್ಯದಿಂದಲೇ ಒಂದೇ ಮಾತು ಹೇಳಿದ್ದನಂತೆ: "ಅಜ್ಜಿ, ಸಿಸ್ಟಮ್ ತಗೊಳ್ತಿಲ್ಲ." ಈ ಮಾತನ್ನು ನನಗೆ ವರದಿ ಮಾಡಿ ಆಕೆ ಹೇಳಿದಳು: "ಮೇಷ್ಟ್ರೇ, ನಾನು ಚಿಕ್ಕೋಳಿದ್ದಾಗ ನಮ್ಮಪ್ಪ ನಿಮ್ಮ ತಾತನ ಹತ್ರ ಇದೇ ಜಗಲಿ ಮುಂದೆ ನಿಂತು ಲೆಕ್ಕ ತಪ್ಪಾಗದೆ ಅಂತ ಜಗಳ ಆಡ್ತಿದ್ದ. ಈಗ ನಾನು ಯಾರ ಹತ್ರ ಜಗಳ ಆಡ್ಲಿ?"

ಸರ್ಕಾರದ ಆಡಳಿತವನ್ನು ಆಧುನಿಕಗೊಳಿಸಬೇಕು, ಯಂತ್ರಗಳನ್ನು ತರಬೇಕು, ಹೊಸ ಕಾಲಕ್ಕೆ ಒಗ್ಗುವ ನೌಕರವರ್ಗವನ್ನು ಸಿದ್ಧಗೊಳಿಸಬೇಕು ಎಂಬ ಮಾತುಗಳನ್ನು ನಾವೆಲ್ಲ ಕೇಳುತ್ತಲೇ ಇದ್ದೇವೆ. ಆ ಮಾತುಗಳಲ್ಲಿ ನನಗೆ ಅವಿಶ್ವಾಸವಿಲ್ಲ. ಆದರೆ ಆ ಮುದುಕಿಯ ಪ್ರಶ್ನೆಗೆ ಉತ್ತರ ಕೊಡಲಾರದ ಸುಧಾರಣೆ ಅರ್ಧ ಸುಧಾರಣೆಯೆಂದು ತೋರುತ್ತದೆ. ಈ ಲೇಖನದ ವಿಚಾರ ಇಷ್ಟೇ.

ಮೊದಲು ನನ್ನ ಪಕ್ಷಪಾತವನ್ನು ಒಪ್ಪಿಕೊಂಡುಬಿಡುತ್ತೇನೆ. ಆಕೆ ಹೇಳಿದ ತಾತ ನಮ್ಮ ಊರಿನ ಶಾನುಭೋಗರಾಗಿದ್ದವರು. ಶಾಸನಗಳಲ್ಲಿ 'ಸೇನಬೋವ' ಎಂದು ಕಾಣಿಸಿಕೊಳ್ಳುವ ಆ ಪದವಿ ನೂರಾರು ವರ್ಷ ವಂಶಪಾರಂಪರ್ಯವಾಗಿ ನಡೆದುಬಂದು, ಗ್ರಾಮಾಧಿಕಾರಗಳ ರದ್ದಿಯಾತಿಯ 1961ರ ಶಾಸನ 1963ರಲ್ಲಿ ಜಾರಿಗೆ ಬಂದೊಡನೆ ಮುಗಿದುಹೋಯಿತು. ತಾತ ಲೆಕ್ಕದ ಕಟ್ಟುಗಳನ್ನೆಲ್ಲ ಸರ್ಕಾರ ನೇಮಿಸಿದ ಗ್ರಾಮ ಲೆಕ್ಕಿಗರಿಗೆ ಒಪ್ಪಿಸಿ ಸಹಿ ಹಾಕಿಸಿಕೊಂಡರಂತೆ. ಮನೆಯಲ್ಲಿ ಆ ದಿನದ ದುಃಖವನ್ನು ನೆನೆಯುವವರಿದ್ದರು. ನಾನು ಅದನ್ನು ಹಂಚಿಕೊಳ್ಳಲಾರೆ. ಊರಿನ ಭೂಮಿಯ ಲೆಕ್ಕವೆಲ್ಲ ಒಂದು ಮನೆಯ ಪೆಟ್ಟಿಗೆಯಲ್ಲಿರುವುದು, ಆ ಲೆಕ್ಕವನ್ನು ಓದಬಲ್ಲವನು ಅದೇ ಮನೆಯವನೊಬ್ಬನೇ ಆಗಿರುವುದು ನ್ಯಾಯವಲ್ಲ. ಜಗಲಿಯ ಮುಂದೆ ನಿಂತು ಜಗಳವಾಡುವ ಧೈರ್ಯ ಎಲ್ಲರಿಗೂ ಇರಲಿಲ್ಲ. ಜಗಲಿಯನ್ನು ಹತ್ತುವ ಅಧಿಕಾರವೂ ಎಲ್ಲ ಜಾತಿಯವರಿಗೆ ಇರಲಿಲ್ಲ. ಆಕೆಯ ಅಪ್ಪ ಜಗಳವಾಡಿದ್ದು ಜಗಲಿಯ ಮುಂದೆ ನಿಂತು, ಜಗಲಿಯ ಮೇಲೆ ಕುಳಿತಲ್ಲ ಎಂಬುದನ್ನು ನಾನು ಗಮನಿಸದೆ ಹೋಗಲಿಲ್ಲ. ಆದುದರಿಂದ ಹಳೆಯ ಕಾಲವನ್ನು ಹೊಗಳುವುದಕ್ಕೆ ನಾನು ಲೇಖನಿ ಹಿಡಿದಿಲ್ಲ.

ಭೂಮಿಯ ದಾಖಲೆಗೂ ನಮ್ಮ ಭಾಷೆಗೂ ಇರುವ ನಂಟು ಹಳೆಯದು. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದಾದ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವನ್ನು ನಾವು ತರಗತಿಗಳಲ್ಲಿ ಭಾಷೆಯ ರೂಪಕ್ಕಾಗಿ ಪಾಠ ಹೇಳುತ್ತೇವೆ. ಆದರೆ ಅದು ಮೂಲತಃ ಏನು? ಯುದ್ಧದಲ್ಲಿ ಪರಾಕ್ರಮ ತೋರಿದ ವೀರನೊಬ್ಬನಿಗೆ ಎರಡು ಹಳ್ಳಿಗಳನ್ನು ಕೊಟ್ಟ ದಾಖಲೆ. ಇದನ್ನು ಕೆಡಿಸಿದವನಿಗೆ ಮಹಾಪಾತಕವೆಂಬ ಎಚ್ಚರಿಕೆಯೂ ಅದರಲ್ಲಿದೆ. ಎಂದರೆ ನಮ್ಮ ಸಾಹಿತ್ಯದ ಇತಿಹಾಸ ಯಾವ ಕಲ್ಲಿನಿಂದ ಆರಂಭವಾಗುತ್ತದೆಂದು ಹೇಳುತ್ತೇವೆಯೋ ಆ ಕಲ್ಲು ಒಂದು ಬಗೆಯ ಪಹಣಿಯೇ. ಅಲ್ಲಿಂದ ಮುಂದಕ್ಕೆ ತಾಮ್ರಪಟ ಬಂತು, ಓಲೆ ಬಂತು, ಕಡತ ಬಂತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಗೆ ಮಾಡಿ, ಮಡಿಚಿ, ಬಳಪದಿಂದ ಬರೆಯುತ್ತಿದ್ದ ಆ ಕಡತವನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಅದು ಅದರ ಅನುಕೂಲವೂ ಹೌದು, ಅಪಾಯವೂ ಹೌದು. ಬಳಿಕ ಕಾಗದ, ಬಳಿಕ ಬೆರಳಚ್ಚು ಯಂತ್ರ, ಈಗ ಗಣಕಯಂತ್ರ. ಸಾಧನ ಬದಲಾದಾಗಲೆಲ್ಲ ಬರೆಯುವವನು ಹೊಸ ವಿದ್ಯೆ ಕಲಿತಿದ್ದಾನೆ. ಕಲಿಯಲಾರೆನೆಂದು ಹಟ ಹಿಡಿದವನನ್ನು ಕಾಲ ದಾಟಿಕೊಂಡು ಹೋಗಿದೆ. ಆದ್ದರಿಂದ ಗಣಕಯಂತ್ರ ಬಂದುದೇ ಒಂದು ವಿಪತ್ತೆಂದು ಹೇಳುವವರ ಮಾತಿಗೆ ಚರಿತ್ರೆಯ ಬೆಂಬಲವಿಲ್ಲ.

ಕರ್ನಾಟಕದಲ್ಲಿ ಈ ಬದಲಾವಣೆಯ ಅತ್ಯಂತ ದೊಡ್ಡ ನಿದರ್ಶನ 'ಭೂಮಿ' ಯೋಜನೆ. ಅದಕ್ಕೆ ಮುಂಚೆ ಸುಮಾರು 9,000 ಗ್ರಾಮ ಲೆಕ್ಕಿಗರು ಪಹಣಿಗಳನ್ನು ಕೈಯಲ್ಲಿ ಬರೆದು ಕಾಪಾಡುತ್ತಿದ್ದರು. ಪಹಣಿಯೆಂಬ ಆ ಒಂದು ಹಾಳೆಯ ಮಹತ್ವ ಏನೆಂಬುದನ್ನು ಪಟ್ಟಣದ ಓದುಗರಿಗೆ ಸ್ವಲ್ಪ ವಿವರಿಸಬೇಕು. ಒಂಬತ್ತನೆಯ ಅಂಕಣದಲ್ಲಿ ಒಡೆಯನ ಹೆಸರು. ಹನ್ನೊಂದರಲ್ಲಿ ಜಮೀನಿನ ಮೇಲಿರುವ ಹಕ್ಕು ಋಣಗಳು. ಹನ್ನೆರಡರಲ್ಲಿ ಸಾಗುವಳಿಯ ವಿವರ. ಬ್ಯಾಂಕಿನ ಸಾಲಕ್ಕೆ, ಕೋರ್ಟಿನ ಜಾಮೀನಿಗೆ, ಮಗಳ ಮದುವೆಗೆ ಹೊಲ ಮಾರುವುದಕ್ಕೆ ಎಲ್ಲಕ್ಕೂ ಅದು ಬೇಕು. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರದಲ್ಲಿ ನಿಹಿತವಾದ ಮೇಲೆ ಗೇಣಿದಾರರು ಭೂನ್ಯಾಯಮಂಡಳಿಗಳ ಮುಂದೆ ನಿಂತಾಗ, ಸಾಗುವಳಿದಾರನ ಅಂಕಣದಲ್ಲಿ ತಮ್ಮ ಹೆಸರಿದೆಯೇ ಇಲ್ಲವೇ ಎಂಬುದು ಎಷ್ಟೋ ಕುಟುಂಬಗಳ ಮುಂದಿನ ಎರಡು ತಲೆಮಾರಿನ ಹಣೆಬರಹವನ್ನು ತೀರ್ಮಾನಿಸಿತು. ಆ ಹೆಸರನ್ನು ಬರೆಯುವ ಅಥವಾ ಬರೆಯದಿರುವ ಶಕ್ತಿ ಒಬ್ಬ ಗುಮಾಸ್ತೆಯ ಕೈಯಲ್ಲಿತ್ತು. 'ದೇವರು ವರ ಕೊಟ್ಟರೂ ಪೂಜಾರಿ ಕೊಡ' ಎಂಬ ಗಾದೆ ಹಳ್ಳಿಗನ ಬಾಯಲ್ಲಿ ಕಚೇರಿಯನ್ನು ಕುರಿತ ಗಾದೆಯಾಗಿಬಿಟ್ಟಿದ್ದರೆ ಆಶ್ಚರ್ಯವಿಲ್ಲ.

ಇಂಥ ಸುಮಾರು 67 ಲಕ್ಷ ಹಿಡುವಳಿದಾರರ ಎರಡು ಕೋಟಿಯಷ್ಟು ದಾಖಲೆಗಳನ್ನು 177 ತಾಲ್ಲೂಕುಗಳಲ್ಲಿ, 2002ರ ವೇಳೆಗೆ, ಗಣಕಯಂತ್ರಕ್ಕೆ ಏರಿಸಲಾಯಿತು. ಕೈಬರಹದ ಪಹಣಿಗೆ ಇನ್ನು ಮಾನ್ಯತೆಯಿಲ್ಲವೆಂದು ಸಾರಲಾಯಿತು. ರೈತ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬಂತು. ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಲಿಲ್ಲ, ಯಾರ ಮನೆಯ ಬಾಗಿಲಲ್ಲೂ ಕಾಯಬೇಕಾಗಲಿಲ್ಲ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರತಿಯಲ್ಲೇ ವಿಲೇವಾರಿಯಾಗಬೇಕೆಂದೂ, ಯಂತ್ರದ ಮುಂದೆ ಕೂರುವ ನೌಕರನು ಬೆರಳಚ್ಚು ಕೊಟ್ಟೇ ಒಳಗೆ ಪ್ರವೇಶಿಸಬೇಕೆಂದೂ ವ್ಯವಸ್ಥೆಯಾಯಿತು. ಇವೆಲ್ಲಕ್ಕಿಂತ ನನಗೆ ಪ್ರಿಯವಾದ ಒಂದು ಸಂಗತಿಯಿದೆ. ಆ ಕಿಟಕಿಗಳಲ್ಲಿ ನೌಕರನ ಕಡೆಗೊಂದು ಪರದೆಯಿದ್ದಂತೆ ರೈತನ ಕಡೆಗೂ ತಿರುಗಿಸಿದ ಎರಡನೆಯ ಪರದೆಯೊಂದನ್ನು ಇಟ್ಟರು. ಒಳಗೆ ಏನು ಬರೆಯುತ್ತಿದ್ದಾರೆಂಬುದನ್ನು ಹೊರಗಿನವನೂ ನೋಡಲಿ ಎಂದು. ಶಾನುಭೋಗರ ಪೆಟ್ಟಿಗೆಯ ಕಾಲದಿಂದ ಆ ಎರಡನೆಯ ಪರದೆಯವರೆಗೆ ನಾವು ನಡೆದು ಬಂದ ದಾರಿ ಸಣ್ಣದಲ್ಲ. ಯಾರು ಏನೇ ಹೇಳಲಿ, ಇದು ದೊಡ್ಡ ಕೆಲಸ.

ಆದರೆ ದೊಡ್ಡ ಕೆಲಸದ ನೆರಳೂ ದೊಡ್ಡದು. ಹಳ್ಳಿಯಲ್ಲಿ ಚದುರಿದ್ದ ಅಧಿಕಾರ ತಾಲ್ಲೂಕಿನಲ್ಲಿ ಒಟ್ಟುಗೂಡಿದಾಗ ಅದರ ಲಾಭ ಸಣ್ಣ ರೈತನಿಗಿಂತ ದೊಡ್ಡ ಕೈಗಳಿಗೇ ಹೆಚ್ಚಾಗುತ್ತದೆಂದು ಸಾಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು 2007ರಲ್ಲಿ ಬೆಂಗಳೂರಿನ ಸುತ್ತಮುತ್ತಣ ಭೂಮಿಯನ್ನು ನೋಡಿ ವಾದಿಸಿದರು. ಆ ವಾದವನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಆದರೆ ಅದರೊಳಗಿನ ಎಚ್ಚರಿಕೆಯನ್ನು ಬಿಡುವಂತಿಲ್ಲ: ಯಂತ್ರ ಬಂದಾಕ್ಷಣ ವಿವೇಚನೆಯ ಅಧಿಕಾರ ಮಾಯವಾಗುವುದಿಲ್ಲ, ಅದು ಬೇರೊಬ್ಬನ ಕೈಗೆ ಹೋಗುತ್ತದೆ. ಆ ಬೇರೊಬ್ಬನು ಯಾರು, ಅವನನ್ನು ಎಲ್ಲಿ ಕಾಣಬಹುದು, ಅವನು ಯಾವ ಭಾಷೆಯಲ್ಲಿ ಮಾತನಾಡುತ್ತಾನೆ ಎಂಬುದೇ ಪ್ರಶ್ನೆ.

ಮತ್ತೆ ನಮ್ಮ ಎತ್ವಕ್ಕೆ ಬರೋಣ. ಕೈಬರಹದ ಪಹಣಿಗಳನ್ನು ನೋಡಿ ಯಂತ್ರಕ್ಕೆ ಬೆರಳಚ್ಚು ಮಾಡಿದಾಗ ಆ ಚಿಹ್ನೆ ಬಿಟ್ಟುಹೋಯಿತು. ಅಲ್ಲಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಯಾರಿಗೂ ತೊಂದರೆಯಾಗಲಿಲ್ಲ. ಆಕೆ ಅದೇ ಪಹಣಿ ತೋರಿಸಿ ಸೊಸೈಟಿಯಲ್ಲಿ ಗೊಬ್ಬರ ತಂದಳು, ಸಾಲ ತಂದಳು, ತೀರಿಸಿದಳು. ಏಕೆ? ಓದುವವನು ಮನುಷ್ಯನಾಗಿದ್ದ. ಮನುಷ್ಯ ಅಕ್ಷರವನ್ನು ಓದುವುದಿಲ್ಲ, ಅಕ್ಷರದ ಮೂಲಕ ಎದುರು ನಿಂತ ವ್ಯಕ್ತಿಯನ್ನು ಓದುತ್ತಾನೆ. ತಪ್ಪಿದ್ದ ಕಡೆ ತನಗೆ ಅರಿವಿಲ್ಲದೆಯೇ ತಿದ್ದಿಕೊಳ್ಳುತ್ತಾನೆ. ಯಂತ್ರ ಅಕ್ಷರಕ್ಕೆ ಅಕ್ಷರವನ್ನು ಹಚ್ಚಿ ನೋಡುತ್ತದೆ. ಪಹಣಿ, ಆಧಾರ್, ಬ್ಯಾಂಕಿನ ಪುಸ್ತಕ ಮೂರೂ ಒಂದನ್ನೊಂದು ನೋಡುವಂತೆ ಮಾಡಿದ ದಿನ ಆ ಹಳೆಯ ಬಿಟ್ಟುಹೋದ ಚಿಹ್ನೆ ಹೊಲದಷ್ಟು ದೊಡ್ಡದಾಯಿತು. ಇದು ಯಂತ್ರದ ದೋಷವೆಂದು ನಾನು ಹೇಳುತ್ತಿಲ್ಲ. ಸತ್ತವರ ಹೆಸರಿನಲ್ಲಿ, ಇಲ್ಲದವರ ಹೆಸರಿನಲ್ಲಿ ಹಣ ಹೋಗದಂತೆ ತಡೆಯುವುದಕ್ಕೆ ಆ ನಿಷ್ಠುರತೆ ಬೇಕು. ಆದರೆ ಯಂತ್ರ ಹೆಚ್ಚು ನಿಷ್ಠುರವಾದಷ್ಟೂ ಅದರ ಪಕ್ಕದಲ್ಲಿ ಕುಳಿತ ಮನುಷ್ಯ ಹೆಚ್ಚು ವಿವೇಕಿಯಾಗಬೇಕು ಎಂಬುದನ್ನು ನಾವು ಮರೆತಿದ್ದೇವೆ.

ಯಂತ್ರದ ಕನ್ನಡದ ಕಥೆಯೂ ಇಲ್ಲಿ ಸೇರುತ್ತದೆ. ಕೆ. ಪಿ. ರಾವ್ ಅವರಂಥವರು ಕನ್ನಡದ ಧ್ವನಿಕ್ರಮಕ್ಕೆ ಒಗ್ಗುವ ಕೀಲಿಮಣೆಯನ್ನು ರೂಪಿಸಿಕೊಟ್ಟರು. ಕನ್ನಡ ಗಣಕ ಪರಿಷತ್ತು 'ನುಡಿ' ತಂತ್ರಾಂಶವನ್ನು ಸಿದ್ಧಗೊಳಿಸಿತು. ಈ ಹಿರಿಯರ ಶ್ರಮವಿಲ್ಲದೆ ಸರ್ಕಾರಿ ಕಚೇರಿಯಲ್ಲಿ ಗಣಕಯಂತ್ರ ಬಂದ ದಿನವೇ ಕನ್ನಡ ಹೊರಬೀಳುತ್ತಿತ್ತು. ಆದರೆ ಹಳೆಯ ಅಚ್ಚುಮೊಳೆಗಳಲ್ಲಿ ಬೆರಳಚ್ಚಾದುದು ಯೂನಿಕೋಡ್ ವ್ಯವಸ್ಥೆಗೆ ಬರುವಾಗ ಒತ್ತಕ್ಷರ ಜಾರುವುದನ್ನೂ, ಅರ್ಕಾವತ್ತು ಸ್ಥಾನ ತಪ್ಪುವುದನ್ನೂ, ದೀರ್ಘ ಕಾಣೆಯಾಗುವುದನ್ನೂ ಕಂಡವರು ನಮ್ಮಲ್ಲಿ ಎಷ್ಟು ಜನ! ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಇಂಥ ತಪ್ಪಿಗೆ ನಾವು ಅರ್ಧ ಅಂಕ ಕಳೆಯುತ್ತೇವೆ. ಪಹಣಿಯಲ್ಲಿ ಅದೇ ತಪ್ಪಿಗೆ ಒಬ್ಬಳು ಮುದುಕಿಯ ಒಂದು ವರ್ಷದ ಪರಿಹಾರ ಹೋಗುತ್ತದೆ.

ಈಗ ಮನುಷ್ಯನ ವಿಚಾರ. ಹೊಸ ಕಾಲಕ್ಕೆ ಒಗ್ಗುವ ನೌಕರನೆಂದರೆ ಯಾರು? ಸರ್ಕಾರ ಈ ಪ್ರಶ್ನೆಯನ್ನು ಕೇಳಿಕೊಂಡಿಲ್ಲವೆಂದಲ್ಲ. ರಾಜ್ಯದ ನೌಕರರು ಗಣಕ ಸಾಕ್ಷರತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು 2012ರಲ್ಲಿ ನಿಯಮ ಬಂತು. 2020ರಲ್ಲಿ ಕೇಂದ್ರ ಸರ್ಕಾರ 'ಕರ್ಮಯೋಗಿ' ಎಂಬ ಹೆಸರಿನಲ್ಲಿ ನೌಕರರ ಸಾಮರ್ಥ್ಯವರ್ಧನೆಯ ದೊಡ್ಡ ಯೋಜನೆಯೊಂದಕ್ಕೆ ಒಪ್ಪಿಗೆ ನೀಡಿತು. ಒಳ್ಳೆಯದೇ. ಆದರೆ ಒಗ್ಗುವುದು ಎಂದರೆ ಕೀಲಿ ಒತ್ತುವುದನ್ನು ಕಲಿಯುವುದು ಮಾತ್ರವೇ? ಕೀಲಿ ಒತ್ತುವುದನ್ನು ಹತ್ತು ವರ್ಷದ ಮಗು ಎರಡು ದಿನದಲ್ಲಿ ಕಲಿಯುತ್ತದೆ. ನೌಕರನು ಕಲಿಯಬೇಕಾದುದೂ, ಕಲಿಯಲು ಕಷ್ಟವಾದುದೂ ಬೇರೊಂದಿದೆ: ದಾಖಲೆಯನ್ನು ಕಾಯುವವನು ದಾಖಲೆಯನ್ನು ವಿವರಿಸುವವನಾಗುವುದು. ಹಳೆಯ ಗುಮಾಸ್ತೆಯ ಬೆಲೆಯೆಲ್ಲ ಇದ್ದುದು ತನಗೆ ತಿಳಿದದ್ದು ಎದುರಿನವನಿಗೆ ತಿಳಿಯದೆಂಬುದರಲ್ಲಿ. ದಾಖಲೆ ಈಗ ಎಲ್ಲರ ಕಣ್ಣಿಗೂ ಬಿದ್ದಿದೆ. ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಪಹಣಿ ನೋಡಬಹುದು. ಆದರೆ ಕಂಡದ್ದೆಲ್ಲ ತಿಳಿದಂತಲ್ಲ. ಹನ್ನೊಂದನೆಯ ಅಂಕಣದಲ್ಲಿರುವ ಒಂದು ಸಾಲಿನ ಅರ್ಥವೇನು, ಅದನ್ನು ತೆಗೆಸಲು ಏನು ಮಾಡಬೇಕು ಎಂದು ತಾಳ್ಮೆಯಿಂದ ಹೇಳುವವನು ಬೇಕು. ಆ ಕೆಲಸಕ್ಕೆ ನಾವು ಯಾರನ್ನು ಸಿದ್ಧಗೊಳಿಸಿದ್ದೇವೆ?

ನಮ್ಮ ತಾಲ್ಲೂಕಿನ ಆ ಕಿಟಕಿಯ ಹಿಂದಿನ ಹುಡುಗನನ್ನು ನಾನು ದೂರಲಾರೆ. ಅವನು ಹೊರಗುತ್ತಿಗೆಯ ನೌಕರ. ಅವನಿಗೆ ಯಂತ್ರ ಗೊತ್ತು. ಆದರೆ ಒಂದು ಎತ್ವವನ್ನು ಹಾಕುವ ಅಧಿಕಾರ ಅವನಿಗಿಲ್ಲ. ಗುತ್ತಿಗೆಯ ಅವಧಿ ಮುಗಿದ ಮೇಲೆ ತಾನಿರುತ್ತೇನೆಂಬ ಭರವಸೆಯಿಲ್ಲ, ಕಾನೂನನ್ನು ಅವನಿಗೆ ಯಾರೂ ಕಲಿಸಿಲ್ಲ. 'ಸಿಸ್ಟಮ್ ತಗೊಳ್ತಿಲ್ಲ' ಎನ್ನುವುದಕ್ಕಿಂತ ಹೆಚ್ಚಿನದನ್ನು ಹೇಳುವ ಹಕ್ಕೇ ಅವನಿಗಿಲ್ಲ. ಇನ್ನು ಗ್ರಾಮ ಲೆಕ್ಕಿಗರಿಗೆ ಈಚೆಗೆ ಗ್ರಾಮ ಆಡಳಿತಾಧಿಕಾರಿಯೆಂಬ ಹೆಸರು ಬಂದಿದೆ. 2024ರಲ್ಲಿ ಅವರೆಲ್ಲ ಮುಷ್ಕರ ಹೂಡಿದಾಗ ಅವರ ದೂರುಗಳಲ್ಲಿ ಮುಖ್ಯವಾದದ್ದು ಇದು: ಹತ್ತಾರು ಆ್ಯಪ್‌ಗಳಲ್ಲಿ ಕೆಲಸ ಮಾಡಬೇಕೆಂದು ಹೇರಿದ್ದಾರೆ, ಅದಕ್ಕೆ ಬೇಕಾದ ಸಲಕರಣೆ ಸೌಕರ್ಯಗಳನ್ನು ಕೊಟ್ಟಿಲ್ಲ. ಹೊಲಕ್ಕೊಂದು ಆ್ಯಪ್, ಬೆಳೆಗೊಂದು ಆ್ಯಪ್, ಮನೆಗೊಂದು ಆ್ಯಪ್ ಎಂದು ಹೇರುತ್ತಾ ಹೋದರೆ ನೌಕರನು ರೈತನ ಮುಖ ನೋಡುವುದು ಯಾವಾಗ? ಯಂತ್ರವು ನೌಕರನ ಕೈಗೆ ಬಿಡುವು ಕೊಟ್ಟು ಅವನನ್ನು ಜನರ ಕಡೆಗೆ ತಿರುಗಿಸಬೇಕಾಗಿತ್ತು. ಅನೇಕ ಕಡೆ ಅದು ಅವನನ್ನು ಇನ್ನಷ್ಟು ತನ್ನ ಕಡೆಗೇ ತಿರುಗಿಸಿಕೊಂಡಿದೆ. ರೈತನ ಕಡೆಗೆ ತಿರುಗಿಸಿದ ಆ ಎರಡನೆಯ ಪರದೆಯೂ ನಾನು ಕಂಡ ಕಿಟಕಿಯಲ್ಲಿ ಇರಲಿಲ್ಲ.

ಆಕ್ಷೇಪ ಹೇಳುವವರು ಇದ್ದಾರೆ. ಮನುಷ್ಯನ ಕೈಗೆ ಮತ್ತೆ ಅಧಿಕಾರ ಕೊಟ್ಟರೆ ಲಂಚವೂ ಮತ್ತೆ ಬರುವುದಿಲ್ಲವೇ ಎಂದು ಅವರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಉತ್ತರ ಯಂತ್ರದಲ್ಲೇ ಇದೆ. ಯಾರು, ಯಾವ ದಿನ, ಯಾವ ಆಧಾರದ ಮೇಲೆ ತಿದ್ದಿದರು ಎಂಬುದನ್ನು ಕಡತದ ಬಳಪ ಹೇಳುತ್ತಿರಲಿಲ್ಲ, ಗಣಕಯಂತ್ರ ಹೇಳುತ್ತದೆ. ಗುರುತು ಉಳಿಯುವ ಕಡೆ ಅಧಿಕಾರ ಕೊಡಲು ಅಂಜಬೇಕಾಗಿಲ್ಲ. ಬರಹದ ಸಣ್ಣ ದೋಷಗಳನ್ನು, ಹಳೆಯ ದಾಖಲೆಯ ಆಧಾರವಿದ್ದಾಗ, ಕೆಳಹಂತದ ನೌಕರನೇ ತನ್ನ ಹೆಸರಿನಲ್ಲಿ ತಿದ್ದಲಿ. ಮೇಲಿನವರು ಅದನ್ನು ಆಮೇಲೆ ಪರಿಶೀಲಿಸಲಿ. ತಪ್ಪಿದರೆ ಶಿಕ್ಷೆಯಾಗಲಿ. 'ಸಕಾಲ'ದ 2011ರ ಶಾಸನ, ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರ ಕೊಡಬೇಕೆಂದು ವಿಧಿಸಿತು. ಮೊತ್ತ ಸಣ್ಣದಿರಬಹುದು, ತತ್ತ್ವ ದೊಡ್ಡದು: ತಡವಾದರೆ ಅದಕ್ಕೊಬ್ಬ ಹೊಣೆಗಾರನಿದ್ದಾನೆ. ತಪ್ಪಿಗೂ ಹಾಗೆಯೇ ಹೊಣೆಗಾರನಿರಬೇಕು, ತಿದ್ದುವವನೂ ಇರಬೇಕು.

ಇಷ್ಟು ಹೇಳಿ ಸರ್ಕಾರದ ಮೇಲೆ ಹೊಣೆ ಹೊರಿಸಿ ನಾನು ಸುಮ್ಮನಾಗಬಹುದಾಗಿತ್ತು. ಆದರೆ ಈ ಪುಟವನ್ನು ಓದುವವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳೂ ಅಧ್ಯಾಪಕರೂ ಆಗಿರುವುದರಿಂದ ನಮ್ಮ ಪಾಲನ್ನೂ ಹೇಳಿಬಿಡಬೇಕು. ಕನ್ನಡವನ್ನು ಆಡಳಿತ ಭಾಷೆಯೆಂದು ಸಾರಿದ ರಾಜಭಾಷಾ ಅಧಿನಿಯಮವೂ 1963ರದೇ. ಶಾನುಭೋಗಿಕೆ ಹೋದ ವರ್ಷವೇ ಕನ್ನಡಕ್ಕೆ ಕಚೇರಿಯ ಬಾಗಿಲು ಶಾಸನಬದ್ಧವಾಗಿ ತೆರೆಯಿತು. ಅಲ್ಲಿಂದೀಚೆಗೆ ಕಚೇರಿ ಯಾವ ಕನ್ನಡವನ್ನು ಬೆಳೆಸಿತು? ಮುದುಕಿಯ ಕೈಯಲ್ಲಿದ್ದ ಹಿಂಬರಹದ ಒಕ್ಕಣೆ ಸುಮಾರಾಗಿ ಹೀಗಿತ್ತು: "ಸದರಿ ಅರ್ಜಿದಾರರ ಮನವಿಯನ್ನು ಪರಿಶೀಲಿಸಲಾಗಿ, ದಾಖಲಾತಿಗಳಲ್ಲಿ ವ್ಯತ್ಯಾಸ ಕಂಡುಬಂದಿರುವುದರಿಂದ ನಿಯಮಾನುಸಾರ ಕ್ರಮ ಕೈಗೊಳ್ಳಲು ಅವಕಾಶವಿರುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಲಾಗಿದೆ." ಇದರಲ್ಲಿ ಸಂಸ್ಕೃತ ಹೆಚ್ಚಾಯಿತೆಂದು ನಾನು ಆಕ್ಷೇಪಿಸುವುದಿಲ್ಲ. ಪಹಣಿ, ಖಾತೆ, ದರಖಾಸ್ತು, ಜಮಾಬಂದಿ ಮೊದಲಾದ ಮಾತುಗಳೂ ಹೊರಗಿನಿಂದ ಬಂದವೇ. ರೈತ ಅವನ್ನು ತನ್ನವೆಂದೇ ಬಳಸುತ್ತಾನೆ. ನನ್ನ ಆಕ್ಷೇಪ ವ್ಯಾಕರಣದ್ದು. ಈ ವಾಕ್ಯದಲ್ಲಿ ಕರ್ತೃಪದ ಎಲ್ಲಿದೆ? ಯಾರು ಪರಿಶೀಲಿಸಿದರು? ಯಾರಿಗೆ ಕಂಡುಬಂತು? ಯಾರು ತಿಳಿಯಪಡಿಸಿದರು? ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಅಷ್ಟಾಗಿ ಒಗ್ಗುವುದಿಲ್ಲವೆಂದು ನಾವು ತರಗತಿಯಲ್ಲಿ ಪಾಠ ಹೇಳುತ್ತೇವೆ. ಅದು ಕಚೇರಿಯ ಜಾಯಮಾನಕ್ಕೆ ಮಾತ್ರ ಚೆನ್ನಾಗಿ ಒಗ್ಗಿಬಿಟ್ಟಿದೆ. ಹಳೆಯ ಕಚೇರಿಯ ವಾಕ್ಯಕ್ಕೆ ಕರ್ತೃ ಇರಲಿಲ್ಲ. ಹೊಸ ಕಚೇರಿಯ ವಾಕ್ಯಕ್ಕೆ ಒಬ್ಬ ಕರ್ತೃ ದೊರೆತಿದ್ದಾನೆ, ಅವನ ಹೆಸರು ಸಿಸ್ಟಮ್.

ಅದೇ ಹಿಂಬರಹವನ್ನು ಹೀಗೆ ಬರೆಯಬಹುದಾಗಿತ್ತು: "ನಿಮ್ಮ ಹೆಸರು ಪಹಣಿಯಲ್ಲಿ ಒಂದು ಬಗೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆ ಇದೆ. ಹಳೆಯ ಕೈಬರಹದ ಪಹಣಿಯ ನಕಲಿಗೆ ಅರ್ಜಿ ಕೊಡಿ. ಅದರಲ್ಲಿ ಸರಿಯಾಗಿದ್ದರೆ ತಿದ್ದಿಕೊಡುತ್ತೇನೆ." ಕೆಳಗೆ ಒಂದು ಹೆಸರು, ಒಂದು ಸಹಿ. ಇಷ್ಟನ್ನು ಬರೆಯಲು ಪಾಂಡಿತ್ಯ ಬೇಡ. ಎದುರಿಗಿರುವವಳು ಓದಿ ತಿಳಿಯಬೇಕೆಂಬ ಇಚ್ಛೆ ಬೇಕು. ಮೈಸೂರು ಸಂಸ್ಥಾನದ ಆಡಳಿತ ಕನ್ನಡಕ್ಕೆ ಮಾಸ್ತಿಯವರನ್ನು ಕೊಟ್ಟಿತು. ಅಮಲ್ದಾರರಾಗಿದ್ದ ನವರತ್ನ ರಾಮರಾಯರ 'ಕೆಲವು ನೆನಪುಗಳು' ಇಂದಿಗೂ ಓದಿ ಸಂತೋಷಪಡುವಂಥ ಗ್ರಂಥ. ಜನರ ಅಹವಾಲು ಕೇಳಿದ ಕಿವಿಗೂ ಒಳ್ಳೆಯ ಗದ್ಯ ಬರೆದ ಕೈಗೂ ಆಗ ಇಷ್ಟು ದೂರವಿರಲಿಲ್ಲ.

ನಮ್ಮ ಪದವಿ ತರಗತಿಗಳಿಂದ ಹೊರಹೋಗುವ ಮಕ್ಕಳಲ್ಲಿ ಎಷ್ಟೋ ಮಂದಿ ಪ್ರಥಮ ದರ್ಜೆ ಸಹಾಯಕರ, ದ್ವಿತೀಯ ದರ್ಜೆ ಸಹಾಯಕರ, ಗ್ರಾಮ ಆಡಳಿತಾಧಿಕಾರಿಗಳ ಪರೀಕ್ಷೆಗೆ ಕೂರುತ್ತಾರೆ. ಆ ಪರೀಕ್ಷೆಗಳಲ್ಲಿ ಕನ್ನಡವೂ ಇದೆ. ಅವರಿಗೆ ಸಂಧಿ ಸಮಾಸಗಳನ್ನು ಕಲಿಸಿದ್ದೇವೆ, ಪಂಪ ರನ್ನರ ಕಾಲದೇಶಗಳನ್ನು ಬಾಯಿಪಾಠ ಮಾಡಿಸಿದ್ದೇವೆ. ಒಬ್ಬ ಅನಕ್ಷರಸ್ಥೆಗೆ ಅವಳ ಅರ್ಜಿ ಏಕೆ ತಿರಸ್ಕೃತವಾಯಿತೆಂಬುದನ್ನು ಮೂರು ವಾಕ್ಯಗಳಲ್ಲಿ ಬರೆಯುವ ಅಭ್ಯಾಸವನ್ನು ಒಮ್ಮೆಯಾದರೂ ಮಾಡಿಸಿದ್ದೇವೆಯೇ? ನಾನು ಮಾಡಿಸಿರಲಿಲ್ಲ. ಈಗ ವರ್ಷಕ್ಕೆ ನಾಲ್ಕಾರು ತರಗತಿಗಳನ್ನು ಅದಕ್ಕೆಂದೇ ಇಟ್ಟುಕೊಂಡಿದ್ದೇನೆ. ಕಚೇರಿಯ ಹಿಂಬರಹವೊಂದನ್ನು ಕೊಟ್ಟು, "ಇದನ್ನು ನಿಮ್ಮ ಅಜ್ಜಿಗೆ ತಿಳಿಯುವ ಹಾಗೆ ಬರೆಯಿರಿ, ಯಾರು ಮಾಡಿದರು ಎಂಬುದನ್ನು ಬಿಡಬೇಡಿ" ಎನ್ನುತ್ತೇನೆ. ವಿದ್ಯಾರ್ಥಿಗಳಿಗೆ ಇದು ಛಂದಸ್ಸಿಗಿಂತ ಕಷ್ಟವಾಗಿ ಕಾಣುತ್ತದೆ. ತಂತ್ರಾಂಶಗಳನ್ನು ರೂಪಿಸುವವರು ಪರದೆಯ ಮೇಲೆ ಬರುವ ಒಂದೊಂದು ಸಂದೇಶವನ್ನೂ ಇಂಥ ವಿದ್ಯಾರ್ಥಿಗಳಿಂದ ಬರೆಯಿಸಿ, ಹಳ್ಳಿಯ ನಾಲ್ಕು ಜನರಿಗೆ ಓದಿ ಹೇಳಿ, ತಿಳಿಯಿತೇ ಎಂದು ಕೇಳಿ ಆಮೇಲೆ ಅಳವಡಿಸಿದರೆ ಖಜಾನೆಗೇನೂ ಹೊರೆಯಾಗದು.

ಕೊನೆಗೆ ಆ ಎತ್ವ ಏನಾಯಿತೆಂಬುದನ್ನು ಹೇಳಬೇಕು. ನಾನು ಆಕೆಯ ಜೊತೆ ತಾಲ್ಲೂಕು ಕಚೇರಿಗೆ ಹೋದೆ. ಕಿಟಕಿಯ ಹುಡುಗ ನಮ್ಮನ್ನು ಒಳಗಿನ ಒಬ್ಬ ಹಿರಿಯ ನೌಕರರ ಬಳಿಗೆ ಕಳುಹಿಸಿದ. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿದ್ದವರು. ಹಿಂದೆ ಗ್ರಾಮ ಲೆಕ್ಕಿಗರಾಗಿ ಕೈಯಲ್ಲಿ ಪಹಣಿ ಬರೆದವರು. ನಲವತ್ತು ದಾಟಿದ ಮೇಲೆ ಗಣಕಯಂತ್ರ ಕಲಿತವರು. ವಿಷಯ ಕೇಳಿ ಅವರು ಅರ್ಜಿ ತನ್ನಿ ಎನ್ನಲಿಲ್ಲ, ನಾಳೆ ಬನ್ನಿ ಎನ್ನಲಿಲ್ಲ. ಎದ್ದು ದಾಖಲೆಯ ಕೊಠಡಿಗೆ ಹೋಗಿ ಮುಕ್ಕಾಲು ಗಂಟೆಯ ಮೇಲೆ ಹಳೆಯ ಕಟ್ಟೊಂದನ್ನು ಎತ್ತಿಕೊಂಡು ಬಂದರು. ಧೂಳು ಕೊಡವಿ ಪುಟ ತೆರೆದು ಕಿಟಕಿಯ ಹುಡುಗನನ್ನು ಕರೆದು ಬೆರಳಿಟ್ಟು ತೋರಿಸಿದರು. ಅಲ್ಲಿ ಎತ್ವ ಇತ್ತು, ನೊಣದ ಕಾಲಿನಷ್ಟು ಸಣ್ಣದಾಗಿ. "ಅವಸರದಲ್ಲಿ ನಾವೇ ಹೀಗೆ ಬರೀತಿದ್ವಿ ಸಾರ್. ಟೈಪು ಮಾಡಿದವರದ್ದೇನು ತಪ್ಪು?" ಎಂದರು. ಆಮೇಲೆ ಆ ಹುಡುಗನಿಂದಲೇ ಟಿಪ್ಪಣಿ ಬೆರಳಚ್ಚು ಮಾಡಿಸಿ, ಯಾವ ದಾಖಲೆಯ ಆಧಾರದ ಮೇಲೆ ಎಂದು ಬರೆಸಿ, ಸಹಿ ಹಾಕಿ ತಹಶೀಲ್ದಾರರ ಮೇಜಿಗೆ ಕಳುಹಿಸಿದರು. ಹದಿನೈದು ದಿನಗಳಲ್ಲಿ ಪಹಣಿ ಸರಿಯಾಯಿತು.

ಹೊಸ ಕಾಲಕ್ಕೆ ಒಗ್ಗಿದ ನೌಕರ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಈಗ ಅವರೇ ನೆನಪಾಗುತ್ತಾರೆ. ಕಾಗದವನ್ನೂ ಬಲ್ಲವರು, ಯಂತ್ರವನ್ನೂ ಬಲ್ಲವರು, ತಪ್ಪು ತಮ್ಮದೂ ಇರಬಹುದೆಂದು ಒಪ್ಪಿಕೊಳ್ಳಬಲ್ಲವರು. ತಾಲ್ಲೂಕು ಕಚೇರಿಗಳ ಹಳೆಯ ಕಟ್ಟುಗಳನ್ನೆಲ್ಲ ಈಗ ಚಿತ್ರಗಳಾಗಿ ಗಣಕಯಂತ್ರಕ್ಕೆ ಏರಿಸುವ ಕೆಲಸ ನಡೆದಿದೆ, ಸ್ವಾಗತಾರ್ಹ. ಆದರೆ ಆ ಕಟ್ಟುಗಳನ್ನು ಓದಬಲ್ಲ ಇಂಥವರ ತಿಳಿವಳಿಕೆ ಯಾವ ಯಂತ್ರಕ್ಕೂ ಏರುತ್ತಿಲ್ಲ. ಅವರು ನಿವೃತ್ತರಾಗುವ ಮುನ್ನ ಒಂದೆರಡು ವರ್ಷವಾದರೂ ಕಿಟಕಿಯ ಹುಡುಗ ಅವರ ಪಕ್ಕದಲ್ಲಿ ಕುಳಿತು ಕಲಿಯುವಂತೆ ಏರ್ಪಾಡು ಮಾಡುವುದು, ಕಲಿತ ಮೇಲೆ ಅವನನ್ನು ಗುತ್ತಿಗೆಯವನೆಂದು ಹೊರಗೆ ಕಳುಹಿಸದೆ ಉಳಿಸಿಕೊಳ್ಳುವುದು ಅಸಾಧ್ಯವೇನಲ್ಲ.

ತಿದ್ದಿದ ಪಹಣಿ ಕೈಗೆ ಬಂದ ದಿನ ಮುದುಕಿ ಅದನ್ನು ಮತ್ತೆ ನಮ್ಮ ಜಗಲಿಗೆ ತಂದಳು. ಆಕೆಗೆ ಓದು ಬಾರದು. ತನ್ನ ಹೆಸರಿನ ಮೊದಲ ಅಕ್ಷರ ಯಾವುದೆಂದು ಕೇಳಿ, ನಾನು ತೋರಿಸಿದ ಮೇಲೆ ಅದರ ಮೇಲಿನ ಕೊಕ್ಕೆಯನ್ನು ಬೆರಳಿನಿಂದ ಸವರಿ, ಹಾಳೆಯನ್ನು ನಾಲ್ಕಾಗಿ ಮಡಿಸಿ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ಬರಪರಿಹಾರದ ಹಣ ಬರುತ್ತದೆಯೇ ಎಂದು ಕೇಳಿದಳು. ವಿಚಾರಿಸುತ್ತೇನೆ ಎಂದೆ. ಯಾರನ್ನು ವಿಚಾರಿಸಬೇಕೆಂಬುದು ಈ ಬಾರಿ ನನಗೆ ಗೊತ್ತಿತ್ತು.